ಫ್ರೇಮಿನೊಳಗಿನ ಒಳ್ಳೆಯ ಗಂಡಸು

ಕನ್ನಡ ಧಾರಾವಾಹಿಯಲ್ಲಿ ಕೆಟ್ಟ ಗಂಡಸನ್ನು ಗುರುತಿಸುವುದು ಸುಲಭ. ಪ್ಲಾನೆಲ್ಲ ಅವನೇ ಗಟ್ಟಿಯಾಗಿ ಮಾತಾಡಿಕೊಳ್ಳುತ್ತಾನೆ. ಒಳ್ಳೆಯವನನ್ನು ಅಳೆಯುವುದು ಕಷ್ಟ. ಅವನು ಒಳ್ಳೆಯವನೆಂದು ಹಿನ್ನೆಲೆ ಸಂಗೀತ ಮೊದಲೇ ತೀರ್ಪು ಕೊಟ್ಟಿರುತ್ತದೆ.

*

ಸಂಜೆಯಿಂದ ರಾತ್ರಿ ಹತ್ತರವರೆಗೆ ನಮ್ಮ ಚಾನೆಲ್‌ಗಳಲ್ಲಿ ಹೆಂಗಸರದೇ ರಾಜ್ಯ. ಶೀರ್ಷಿಕೆಯಲ್ಲಿ ಅವರ ಹೆಸರು, ಪೋಸ್ಟರಿನಲ್ಲಿ ಅವರ ಮುಖ, ಕಣ್ಣೀರೂ ಅವರದೇ. ಗಂಟು ಬಿಡಿಸುವ ಹೊತ್ತಿಗೆ ಮಾತ್ರ ಬಾಗಿಲಲ್ಲಿ ಗಂಡಸಿನ ಬೂಟು ಕಾಣಿಸುತ್ತದೆ. ಮೊದಲು ಬೂಟು, ಆಮೇಲೆ ಬೆನ್ನು, ಜಾಹೀರಾತು ಮುಗಿದ ಮೇಲೆ ಮುಖ.

*

2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ನಮ್ಮ ನಾಯಕಿಯರಿಗೆ ಈ ಸುದ್ದಿ ಇನ್ನೂ ತಲುಪಿದ ಹಾಗಿಲ್ಲ. ಅವರಿಗೆ ಈಗಲೂ ಬಸ್ಸು ತಪ್ಪುತ್ತದೆ, ಮಳೆ ಹಿಡಿಯುತ್ತದೆ, ಚಪ್ಪಲಿ ಕಿತ್ತುಹೋಗುತ್ತದೆ. ಅಷ್ಟರಲ್ಲಿ ನಾಯಕನ ಕಾರು ಬಂದು ನಿಲ್ಲುತ್ತದೆ. ಶಕ್ತಿ ಯೋಜನೆಯ ಬಸ್ಸಿನಲ್ಲಿ ಹೋದವಳು ಸ್ಟಾಪಿನಲ್ಲಿ ಇಳಿದರೆ ಅಲ್ಲಿಗೆ ಲೆಕ್ಕ ಚುಕ್ತಾ. ಕಾರು ಹತ್ತಿದವಳು ಕಥೆ ಮುಗಿಯುವವರೆಗೂ ಇಳಿಯುವ ಹಾಗಿಲ್ಲ.

*

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ 44ರಷ್ಟು ಮಂದಿ ಗಂಡನ ಹಿಂಸೆಗೆ ಒಳಗಾಗಿದ್ದೇವೆ ಎಂದರು. ಇಂಥ ನಾಡಿನಲ್ಲಿ ಕೈ ಎತ್ತದ ನಾಯಕ ದೇವರ ಹಾಗೆ ಕಾಣಿಸಿದರೆ ನೋಡುವವರ ತಪ್ಪಲ್ಲ. ಬರೆಯುವವರನ್ನು ಮಾತ್ರ ಕೇಳಬೇಕು: ಹೊಡೆಯದಿರು ಎಂದು ಕಾನೂನೇ ಹೇಳಿದೆ, ಅದಕ್ಕೆ ಸ್ಲೋ ಮೋಷನ್ ಯಾಕೆ?

*

ಧಾರಾವಾಹಿ ನೋಡುವ ಹೆಂಗಸರನ್ನು ಗೇಲಿ ಮಾಡುವುದು ಓದಿದವರ ಹಳೇ ಚಾಳಿ. ನನಗೆ ಅದರಲ್ಲಿ ಪಾಲು ಬೇಡ. ‘ಎಷ್ಟು ಚೆನ್ನಾಗಿ ನೋಡ್ಕೋತಾನೆ ನೋಡೇ’ ಅನ್ನುವ ಅತ್ತೆಯ ಬಾಯಲ್ಲಿ ಬರೀ ಮೆಚ್ಚುಗೆ ಇರುವುದಿಲ್ಲ, ದೂರೂ ಇರುತ್ತದೆ. ಪಕ್ಕದ ಕುರ್ಚಿಯಲ್ಲಿ ಪೇಪರು ಓದುತ್ತ ಕೂತ ಮಾವನಿಗೆ ಅದು ಕೇಳಿಸುತ್ತದೆ. ಪೇಪರು ಸ್ವಲ್ಪ ಮೇಲಕ್ಕೆ ಹೋಗುತ್ತದೆ.

*

ನಾಯಕಿಗೆ ಜ್ವರ. ನಾಯಕ ಅಡುಗೆಮನೆಗೆ ಬರುತ್ತಾನೆ. ಉಪ್ಪಿನ ಡಬ್ಬಿ ಯಾವುದು, ಸಕ್ಕರೆ ಡಬ್ಬಿ ಯಾವುದು ಗೊತ್ತಿಲ್ಲ. ಹಾಲು ಉಕ್ಕುತ್ತದೆ. ಕೆನ್ನೆಗೆ ಹಿಟ್ಟು ಮೆತ್ತಿಕೊಳ್ಳುತ್ತದೆ. ಗಂಜಿ ಕಾಯಿಸಲು ಹೋದವನಿಗೆ ಮೈದಾ ಡಬ್ಬಿ ಯಾಕೆ ಬೇಕಾಯಿತೋ ನಿರ್ದೇಶಕರೇ ಬಲ್ಲರು. ಕೊನೆಗೆ ಲೋಟ ಹಿಡಿದು ರೂಮಿಗೆ ಬರುತ್ತಾನೆ. ಅವಳು ಒಂದು ಗುಟುಕು ಕುಡಿಯುತ್ತಾಳೆ, ಉಪ್ಪುಪ್ಪಾಗಿದ್ದರೂ ‘ಚೆನ್ನಾಗಿದೆ’ ಅನ್ನುತ್ತಾಳೆ, ಕಣ್ಣು ತುಂಬಿಕೊಳ್ಳುತ್ತಾಳೆ. ಹಾಡು ಶುರು.

ಇಂಥ ದೃಶ್ಯ ಬಂದಾಗಲೆಲ್ಲ ನನ್ನ ಕಣ್ಣು ಒಲೆಯ ಕಡೆಗೇ ಹೋಗುತ್ತದೆ. ಉಕ್ಕಿದ ಹಾಲು ಬರ್ನರಿನ ಸುತ್ತ ಕಂದುಗಟ್ಟುವಷ್ಟು ಹೊತ್ತಾಯಿತು. ಒರೆಸಿದವರು ಯಾರು? ಕ್ಯಾಮೆರಾ ಅಲ್ಲಿಗೆ ವಾಪಸ್ ಹೋದದ್ದನ್ನು ನಾನು ನೋಡಿಲ್ಲ. ಜ್ವರ ಬಿಟ್ಟ ಮೇಲೆ ಅವಳೇ ಉಜ್ಜಿರಬೇಕು.

*

2024ರ ಸಮಯ ಬಳಕೆ ಸಮೀಕ್ಷೆ ಹೇಳಿದ್ದು: ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರಿಗೆ ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಹಿಡಿಯುತ್ತದೆ, ಆ ಕೆಲಸ ಮಾಡುವ ಗಂಡಸರಿಗೆ 88 ನಿಮಿಷ. ಮಾಡುವ ಗಂಡಸರ ಮಾತಿದು. ಸೋಫಾ ಬಿಟ್ಟೇಳದವರು ಈ 88ರ ಲೆಕ್ಕಕ್ಕೇ ಸೇರಿಲ್ಲ.

*

ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಗೊತ್ತಿಲ್ಲದ ಗಂಡನನ್ನು ಮುದ್ದು ಎಂದು ತೋರಿಸುತ್ತಾರೆ. ಗೊತ್ತಿಲ್ಲದ ಸೊಸೆಗೆ ಮಾತ್ರ ಒಂದು ವಾರದ ಟ್ರ್ಯಾಕ್ ತುಂಬಾ ಬೈಗುಳ.

*

ಮನೆಗೆಲಸಕ್ಕೆ ನಿತ್ಯ ಕೈಹಾಕುವ ಗಂಡಸು ನಮ್ಮ ಟೀವಿಯಲ್ಲಿ ಇದ್ದೇ ಇದ್ದ. ಆದರೆ ಹಾಸ್ಯ ಧಾರಾವಾಹಿಯಲ್ಲಿದ್ದ. ‘ಪಾಪ ಪಾಂಡು’ವಿನ ಪಾಂಡು ಹೆಂಡತಿ ಶ್ರೀಮತಿಗೆ ಹೆದರಿಕೊಂಡೇ ಬದುಕಿದವನು, ಅವನಿಗೆ ಬೀಳುವ ಏಟಿಗೆ ನಾಡೆಲ್ಲ ನಕ್ಕಿತು. ಚಿದಾನಂದ್ ಅದನ್ನು ಎಷ್ಟು ಸೊಗಸಾಗಿ ಮಾಡಿದರೆಂದರೆ ನಾನೂ ನಕ್ಕವಳೇ. ನಕ್ಕು ಮುಗಿದ ಮೇಲೆ ಒಂದು ಗುಮಾನಿ ಉಳಿಯಿತು: ಹೆಂಡತಿಯ ಮಾತು ಕೇಳುವ ಗಂಡ ಹೆಸರಿನಲ್ಲೇ ‘ಪಾಪ’ ಆಗಬೇಕೆ? ಪ್ರೈಮ್ ಟೈಮಿನ ನಾಯಕರು ಪೊರಕೆ ಮುಟ್ಟಲು ಹೆದರುವುದು ಧೂಳಿಗಂತೂ ಅಲ್ಲ.

*

ಧಾರಾವಾಹಿಯಲ್ಲಿ ಯಾರ ಕಥೆ ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಡೈಲಾಗ್ ಕೇಳಬೇಡಿ, ರಿಯಾಕ್ಷನ್ ಶಾಟ್ ಎಣಿಸಿ. ನಾಯಕಿ ಪರೀಕ್ಷೆ ಪಾಸಾದಳು. ಅವಳ ಮುಖ ಒಂದು ಸಲ. ಅವನ ಹೆಮ್ಮೆ ತುಂಬಿದ ಮುಖ ಮೂರು ಸಲ, ಬೇರೆ ಬೇರೆ ದಿಕ್ಕಿನಿಂದ.

*

ಈಚಿನ ವರ್ಷಗಳಲ್ಲಿ ‘ಬೆಂಬಲಕ್ಕೆ ನಿಂತ ಗಂಡ’ ಅಂದರೆ ಜನ ಮೊದಲು ತೆಗೆಯುವ ಹೆಸರು ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಕಂಠಿ. 2021ರ ಕೊನೆಗೆ ಶುರುವಾದ ಈ ಧಾರಾವಾಹಿಯ ಬುನಾದಿಯೇ ಸ್ತ್ರೀವಾದಿ ಪ್ರಶ್ನೆ. ಹೆತ್ತದ್ದೆಲ್ಲ ಹೆಣ್ಣು ಎಂದು ಗಂಡ ಬಿಟ್ಟುಹೋದ ಪುಟ್ಟಕ್ಕ, ಮೆಸ್ಸು ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುತ್ತಾಳೆ. ಉಮಾಶ್ರೀ ಆ ಪಾತ್ರದಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರೆ ಬೇರೆ ಯಾರೂ ಬೇಡ. ನಡುವಿನ ಮಗಳು ಸ್ನೇಹಾಗೆ ಐಎಎಸ್ ಕನಸು. ಮೀಟರ್ ಬಡ್ಡಿ ಬಂಗಾರಮ್ಮನನ್ನು ಕಂಡರೆ ಉರಿದುಬೀಳುವ ಹುಡುಗಿ ಅವಳು. ಆ ಬಂಗಾರಮ್ಮನ ಮಗನೇ ಕಂಠಿ. ತಾನು ಯಾರೆಂಬುದನ್ನು ಮುಚ್ಚಿಟ್ಟುಕೊಂಡೇ ಅವಳ ಹತ್ತಿರ ಬಂದವನು.

ಆಮೇಲೆ ಅವನು ಮಾಡಿದ್ದೆಲ್ಲ ಒಳ್ಳೆಯದೇ. ಒರಟ ಮೆತ್ತಗಾದ, ಅಮ್ಮನ ಎದುರು ನಿಂತ, ಹೆಂಡತಿಯ ಓದಿಗೆ ಹೆಗಲಾದ. ಜನ ಅವನನ್ನು ಪ್ರೀತಿಸಿದ್ದು ನ್ಯಾಯವೇ. ಓದಿದ ಹೆಂಡತಿಯ ಎದುರು ಕುಗ್ಗದೆ, ಕಿಡಿ ಕಾರದೆ ನಿಲ್ಲುವ ಹಳ್ಳಿ ಹುಡುಗನನ್ನು ನಾವು ನೋಡಿದ್ದು ಕಡಿಮೆ. ಆದರೂ ಮೊದಲ ಸುಳ್ಳು ಎಲ್ಲಿ ಹೋಯಿತು? ಪ್ರೀತಿಗಾಗಿ ಹೇಳಿದ್ದು ಎಂದು ಕಥೆ ಅದನ್ನು ಮನ್ನಾ ಮಾಡಿತು. ಅವನು ಇಂಥವನೆಂದು ತಿಳಿದೇ ‘ಹೂಂ’ ಅಥವಾ ‘ಊಹೂಂ’ ಅನ್ನುವುದು ಸ್ನೇಹಾಳ ಹಕ್ಕಾಗಿತ್ತು. ಆ ಹಕ್ಕನ್ನು ಕಸಿದುಕೊಂಡವನೇ ಮುಂದೆ ಅವಳ ಪುಸ್ತಕ ಹೊತ್ತುಕೊಂಡು ಬಂದ. ನಾವು ಪುಸ್ತಕವನ್ನು ನೋಡಿದೆವು.

*

ಸ್ನೇಹಾ ಜಿಲ್ಲಾಧಿಕಾರಿಯೂ ಆದಳು. 2024ರಲ್ಲಿ ಪಾತ್ರ ಸತ್ತಿತು. ಅವಳ ಹೃದಯವನ್ನು ಇನ್ನೊಬ್ಬ ಹುಡುಗಿಗೆ ಕಸಿ ಮಾಡಿದ ಕಥೆ ಬಂತು. ನಟರು ಹೊರಗೆ ಹೋದಾಗ ಪಾತ್ರಕ್ಕೆ ಗತಿ ಕಾಣಿಸಬೇಕಾದದ್ದು ಧಾರಾವಾಹಿ ಉದ್ಯಮದ ಮಾಮೂಲಿ ತಾಪತ್ರಯ, ಅದು ನನಗೂ ಗೊತ್ತು. ‘ಜೊತೆ ಜೊತೆಯಲಿ’ಯಲ್ಲೂ 2022ರಲ್ಲಿ ಇದೇ ಆಯಿತು. ನಾಯಕ ಆರ್ಯವರ್ಧನ್ ಪಾತ್ರದ ನಟ ಹೊರಗಾದರು. ಅಲ್ಲಿ ಅಪಘಾತ, ಶಸ್ತ್ರಚಿಕಿತ್ಸೆ, ಹೊಸ ಮುಖ, ಹೊಸ ನಟ. ಆರ್ಯವರ್ಧನನನ್ನು ಮಾತ್ರ ಉಳಿಸಿಕೊಂಡರು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಾಯಕನ ಮುಖ ಬದಲಾದರೂ ಅವನು ಅವನೇ. ನಾಯಕಿಯ ಎದೆಯೊಳಗಿನದನ್ನು ತೆಗೆದು ಬೇರೊಬ್ಬಳಲ್ಲಿಟ್ಟರೆ ನಾಯಕನಿಗೆ ಜೋಡಿ ಸಿಕ್ಕ ಹಾಗೆ. ಓದಿ ಗಳಿಸಿದ ಜಿಲ್ಲಾಧಿಕಾರಿಯ ಕುರ್ಚಿಯನ್ನು ಯಾರಿಗೆ ಕಸಿ ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

*

ತಾಳಿ ಕಟ್ಟುವಾಗ ಕೇಳದವನು ಆಮೇಲೆ ಪ್ರತಿಯೊಂದಕ್ಕೂ ‘ನಿಮಗಿಷ್ಟವೇನ್ರೀ’ ಎಂದು ಕೇಳುತ್ತಾನೆ. ‘ಲಕ್ಷ್ಮೀ ನಿವಾಸ’ದ ಸಿದ್ದೇಗೌಡ ಭಾವನಾಗೆ ಗೊತ್ತೇ ಆಗದ ಹಾಗೆ ತಾಳಿ ಕಟ್ಟಿದ. ಅಲ್ಲಿಂದ ಮುಂದೆ ಅವನಷ್ಟು ಮೃದು, ಅವನಷ್ಟು ತಾಳ್ಮೆಯವನು ಇಲ್ಲ. ಒಂದು ದಿನದ ಅಪರಾಧಕ್ಕೆ ನೂರಾರು ಸಂಚಿಕೆಯ ಒಳ್ಳೆಯತನವನ್ನು ಕಂತಿನಲ್ಲಿ ಕಟ್ಟುತ್ತಾನೆ. ಸಾಲ ಕೊಟ್ಟವಳನ್ನು ಮಾತ್ರ ಯಾರೂ ಕೇಳಿರಲಿಲ್ಲ.

*

ಅದೇ ಧಾರಾವಾಹಿಯಲ್ಲಿ ಜಯಂತ್ ಇದ್ದಾನೆ. ಹೆಂಡತಿ ಜಾಹ್ನವಿಗೆ ಅವನು ಇಟ್ಟ ಹೆಸರು ‘ಚಿನ್ನುಮರಿ’. ಅಂಗೈಯಲ್ಲಿಟ್ಟು ಸಾಕುತ್ತಾನೆ. ಅವಳಿಗೆ ಏನು ಬೇಕೆಂದು ಅವಳು ಬಾಯಿ ಬಿಡುವ ಮೊದಲೇ ಅವನಿಗೆ ತಿಳಿದಿರುತ್ತದೆ. ಮನೆಯೊಳಗೆ ಸಿಸಿಟಿವಿ ಇದೆ. ಅವಳು ಯಾರ ಜೊತೆ ಮಾತಾಡಿದಳು, ಯಾರನ್ನು ನೋಡಿ ನಕ್ಕಳು, ಎಲ್ಲವೂ ಅವನ ಕಣ್ಣಳತೆಯಲ್ಲಿ.

ಜಯಂತ್ ಹುಚ್ಚ ಎಂದು ಕಥೆಯೇ ಒಪ್ಪಿಕೊಂಡಿದೆ. ಆ ಮಟ್ಟಿಗೆ ಆ ಪಾತ್ರ ಬರೆದವರು ಜಾಣರು, ಮಾಡಿದ ನಟರೂ ಜಾಣರು. ನನ್ನನ್ನು ಕಾಡುವುದು ಬೇರೆ. ಪಕ್ಕದ ಸ್ಲಾಟಿನ ಒಳ್ಳೆಯ ನಾಯಕ ಏನು ಮಾಡುತ್ತಾನೆ? ಅವಳು ಹೇಳದೆಯೇ ಎಲ್ಲಿದ್ದಾಳೆ ಎಂದು ಪತ್ತೆ ಹಚ್ಚುತ್ತಾನೆ. ಅವಳಿಗೆ ಗೊತ್ತಾಗದ ಹಾಗೆ ಹಿಂಬಾಲಿಸಿ ಕಾಯುತ್ತಾನೆ. ಅವಳ ಬಾಸಿಗೆ ಫೋನ್ ಮಾಡಿ ರಜೆ ಕೊಡಿಸುತ್ತಾನೆ. ಅವಳ ತವರಿನ ಸಾಲ ಅವಳಿಗೆ ತಿಳಿಸದೆ ತೀರಿಸುತ್ತಾನೆ. ಜಯಂತನೂ ಒಳ್ಳೆಯ ನಾಯಕನೂ ಮಾಡುವ ಕೆಲಸಗಳ ಪಟ್ಟಿ ಬರೆದು ಹೆಸರು ಮುಚ್ಚಿದರೆ ಯಾವುದು ಯಾರದೆಂದು ಹೇಳುವುದು ಕಷ್ಟ. ಒಂದಕ್ಕೆ ಪಿಟೀಲು ಬಾರಿಸುತ್ತಾರೆ, ಇನ್ನೊಂದಕ್ಕೆ ನಗಾರಿ.

*

ಟೀವಿಯ ಮ್ಯೂಟ್ ಬಟನ್ ಒತ್ತಿ ನೋಡಿ. ನಮ್ಮ ನಾಯಕರಲ್ಲಿ ಎಷ್ಟು ಜನ ಒಳ್ಳೆಯವರಾಗಿ ಉಳಿಯುತ್ತಾರೋ.

*

ಮೃದು ಗಂಡಸು ಬೇಕಾದರೆ ಅವನಿಗೆ ಮೊದಲು ಕಂಪನಿ ಕೊಡಬೇಕು. ‘ಅಮೃತಧಾರೆ’ಯ ಗೌತಮ್ ದಿವಾನ್ ನನಗೂ ಇಷ್ಟ. ಮದುವೆಯ ವಯಸ್ಸು ಮೀರಿತೆಂದು ಜನ ಕೈಬಿಟ್ಟ ಇಬ್ಬರು, ಭೂಮಿಕಾ ಮೇಷ್ಟ್ರು, ಅವನು ಉದ್ಯಮಿ. ಹಿಂದಿಯಿಂದ ಬಂದ ಕಥೆಯಾದರೂ ರಾಜೇಶ್ ನಟರಂಗ ಮತ್ತು ಛಾಯಾ ಸಿಂಗ್ ಅದನ್ನು ನಮ್ಮ ಓಣಿಯದೇ ಮಾಡಿದರು. ಗೌತಮ್‌ಗೆ ನಾಚಿಕೆಯಾಗುತ್ತದೆ, ತಬ್ಬಿಬ್ಬಾಗುತ್ತಾನೆ, ಭೂಮಿಕಾ ಮಾತಾಡುವಾಗ ನಡುವೆ ಬಾಯಿ ಹಾಕುವುದಿಲ್ಲ. ಇದಿಷ್ಟನ್ನೂ ಬಿಎಂಟಿಸಿ ಕಂಡಕ್ಟರನೊಬ್ಬ ಮಾಡಿದರೆ ಅವನು ನಾಯಕನಾಗುತ್ತಾನೆಯೇ? ಕೋಟಿಗಟ್ಟಲೆ ಆಸ್ತಿಯಿದ್ದರೆ ಗಂಡಸುತನಕ್ಕೆ ಜಾಮೀನು ಸಿಕ್ಕ ಹಾಗೆ, ಆಮೇಲೆ ಅಳಬಹುದು.

*

‘ಜೊತೆ ಜೊತೆಯಲಿ’ಯ ಅನು ಸಿರಿಮನೆಯ ಅಪ್ಪ ಸುಬ್ಬು ಸೀರೆ ಅಂಗಡಿಯಲ್ಲಿ ಕೆಲಸ ಮಾಡುವವನು. ದಿನವಿಡೀ ಬೇರೆ ಹೆಂಗಸರ ಮುಂದೆ ಸೀರೆ ಬಿಡಿಸಿ ಬಿಡಿಸಿ ಮಡಚುವ ಕೆಲಸ. ಮಗಳೆಂದರೆ ಪ್ರಾಣ. ತನ್ನ ಕೈಯಲ್ಲಾದಷ್ಟು ಮಾಡಿದ. ಅವಳಿಗಿಂತ ಬಹಳ ಹಿರಿಯನಾದ, ಅವಳು ಕೆಲಸ ಮಾಡುವ ಕಂಪನಿಯ ಒಡೆಯನಾದ ಆರ್ಯವರ್ಧನ್ ಬಂದ ಮೇಲೆ, ಅಪ್ಪ ಮಾಡಿದ್ದೆಲ್ಲ ಆ ಕಾರಿನ ಹೆಡ್‌ಲೈಟಿನ ಮುಂದೆ ಮಂಕಾಯಿತು. ಕಾದಂಬರಿಕಾರ್ತಿಯೊಬ್ಬಳು ಇದೇ ಕಥೆ ಬರೆದಿದ್ದರೆ ಸುಬ್ಬುವನ್ನು ಬಿಟ್ಟುಕೊಡುತ್ತಿರಲಿಲ್ಲ ಅನಿಸುತ್ತದೆ. ಗ್ರಾಹಕಿಯ ಎದುರು ಹಿಡಿದ ಸೀರೆ ಮಗಳಿಗೆ ಒಪ್ಪುತ್ತದೆಯೇ ಎಂದು ಲೆಕ್ಕ ಹಾಕುವ ಆ ಕಣ್ಣಿನಲ್ಲಿ ಒಂದು ಅಧ್ಯಾಯ ಇತ್ತು.

*

ಬಾಸ್ ಪ್ರೀತಿಸಿದರೆ ಬಡ್ತಿ. ಪ್ರೀತಿ ಮುರಿದರೆ? ಕಚೇರಿಗಳಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ ಬಂದದ್ದು 2013ರಲ್ಲಿ. ಅದರ ಪ್ರಕಾರ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ಧಾರಾವಾಹಿಯ ಕಂಪನಿಗಳಲ್ಲಿ ಬೋರ್ಡ್ ಮೀಟಿಂಗ್ ದಿನಕ್ಕೊಂದು, ಈ ಸಮಿತಿ ಒಂದೂ ಇಲ್ಲ.

*

‘ಅಣ್ಣಯ್ಯ’ದ ಶಿವು ನಾಲ್ವರು ತಂಗಿಯರಿಗಾಗಿ ಬದುಕುವ ಅಣ್ಣ. ತಮ್ಮ ಪಾಲಿನ ಬದುಕನ್ನು ಪಕ್ಕಕ್ಕಿಟ್ಟು ತಂಗಿಯರನ್ನು ದಡ ಸೇರಿಸಿದ ಅಣ್ಣಂದಿರು ನಮ್ಮ ಊರುಗಳಲ್ಲಿ ನಿಜಕ್ಕೂ ಇದ್ದಾರೆ, ಅವರ ಮೇಲೆ ನನಗೆ ಗೌರವವಿದೆ. ಆದರೆ ತ್ಯಾಗಕ್ಕೆ ಒಂದು ಗುಣವಿದೆ: ಎದುರಿನವರ ಬಾಯಿ ಕಟ್ಟುತ್ತದೆ. ಇಷ್ಟು ಮಾಡಿದ ಅಣ್ಣನಿಗೆ ‘ನೀನು ನೋಡಿದ ಗಂಡು ಬೇಡ’ ಅನ್ನುವುದು ಹೇಗೆ? ಕೆಟ್ಟ ಅಣ್ಣನ ಮನೆಯಿಂದ ಓಡಿಹೋಗಬಹುದು. ಒಳ್ಳೆಯ ಅಣ್ಣನ ಮನೆಯಿಂದ ಹೊರಡಲು ಹತ್ತು ಪಾಲು ಧೈರ್ಯ ಬೇಕು.

*

ಅಮ್ಮನ ಎದುರು ಹೆಂಡತಿಯ ಪರ ಮಾತಾಡಿದರೆ ಹೀರೋ. ಹೆಂಡತಿ ಇಲ್ಲದಾಗ ಅಮ್ಮನ ಎದುರು ಅದೇ ಮಾತಾಡುವುದನ್ನು ಯಾವ ಪ್ರೋಮೊದಲ್ಲೂ ಹಾಕುವುದಿಲ್ಲ.

*

‘ಭಾಗ್ಯಲಕ್ಷ್ಮಿ’ಯ ಭಾಗ್ಯ, ಬೆಳೆದ ಮಕ್ಕಳ ತಾಯಿ, ಹತ್ತನೇ ಕ್ಲಾಸು ಪಾಸು ಮಾಡಬೇಕೆಂದು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದಳು. ಹೆಂಡತಿಯೆಂದರೆ ನಾಚಿಕೆಪಡುವ ಗಂಡ ತಾಂಡವ್. ಭಾಗ್ಯಳ ಬೆನ್ನಿಗೆ ನಿಂತವಳು ಅವನ ತಾಯಿ, ಅತ್ತೆ ಕುಸುಮಾ. ಈ ಧಾರಾವಾಹಿ ಅರಿತೋ ಅರಿಯದೆಯೋ ಒಂದು ದೊಡ್ಡ ಕೆಲಸ ಮಾಡಿತು. ಒಳ್ಳೆಯ ಗಂಡಸು ಇಲ್ಲದೆಯೂ ಕಥೆ ತಿಂಗಳುಗಟ್ಟಲೆ ನಡೆಯುತ್ತದೆ, ಜನ ನೋಡುತ್ತಾರೆ, ಎಂದು ಚಾನೆಲ್‌ಗಳಿಗೆ ತೋರಿಸಿಕೊಟ್ಟಿತು. ಮಗನ ತಪ್ಪನ್ನು ಹೆತ್ತವಳೇ ಹೆಸರಿಟ್ಟು ಹೇಳುವ ದೃಶ್ಯಗಳಲ್ಲಿ ಪದ್ಮಜಾ ರಾವ್ ಅವರ ಕಣ್ಣುಗಳು ಎರಡು ಕೆಲಸ ಮಾಡುತ್ತಿದ್ದವು, ಬೈಯುವುದು ಮತ್ತು ಒದ್ದೆಯಾಗುವುದು.

*

ದೂರದರ್ಶನದ ಕಾಲಕ್ಕೆ ಹೋದರೆ 1989ರ ‘ಉಡಾನ್’. ಅಕ್ಕ ಕಾಂಚನ್ ಚೌಧರಿ ಐಪಿಎಸ್ ಆದದ್ದನ್ನು ಕಂಡ ತಂಗಿ ಕವಿತಾ ಚೌಧರಿ ಬರೆದು, ನಿರ್ದೇಶಿಸಿ, ತಾನೇ ಕಲ್ಯಾಣಿಯಾದ ಧಾರಾವಾಹಿ. ಅಪ್ಪನಾಗಿ ವಿಕ್ರಂ ಗೋಖಲೆ, ಜಿಲ್ಲಾಧಿಕಾರಿಯಾಗಿ ಶೇಖರ್ ಕಪೂರ್. ಇಬ್ಬರೂ ಒಳ್ಳೆಯ ಗಂಡಸರು, ಇಬ್ಬರಿಗೂ ಕಲ್ಯಾಣಿಯ ಸಮವಸ್ತ್ರದ ಮೇಲೆ ಹಕ್ಕಿಲ್ಲ. ಹಿಂದಿ ಅಷ್ಟಾಗಿ ಬಾರದ ಕನ್ನಡದ ಮನೆಗಳೂ ಅದನ್ನು ನೋಡಿದವು. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ ಹುಡುಗಿಯರು ಆ ಹೆಸರು ತೆಗೆದದ್ದುಂಟು. ಅಪ್ಪ ಮಗಳ ಮೇಲೆ ನಂಬಿಕೆಯಿಟ್ಟ, ಅಷ್ಟೇ. ಅವಳ ಬದಲು ಪರೀಕ್ಷೆ ಬರೆಯಲು ಹೋಗಲಿಲ್ಲ. ಹೆಣ್ಣು ಬರೆದ ಕಥೆಯಲ್ಲಿ ಗಂಡಸಿಗೆ ಎಷ್ಟು ಜಾಗ ಬೇಕೋ ಅಷ್ಟೇ ಇರುತ್ತದೆ ಎನ್ನುವುದಕ್ಕೆ ಇದೊಂದು ಸಾಕ್ಷಿ.

ನಮ್ಮಲ್ಲೂ ‘ಮೂಡಲ ಮನೆ’ಯನ್ನು ವೈಶಾಲಿ ಕಾಸರವಳ್ಳಿ ನಿರ್ದೇಶಿಸಿದ್ದರು. ಅವರ ಹಿಂದೆ ನಿರ್ದೇಶಕಿಯರ ಸಾಲು ಬೆಳೆಯಬೇಕಿತ್ತು.

*

ಟಿ.ಎನ್. ಸೀತಾರಾಮ್ ತಮ್ಮ ಧಾರಾವಾಹಿಗಳಲ್ಲಿ ತಾವೇ ಮಾಡುತ್ತಿದ್ದ ವಕೀಲ ಸಿ.ಎಸ್.ಪಿ. ನಮ್ಮ ಮಧ್ಯಮ ವರ್ಗದ ಕಣ್ಣಿಗೆ ಗಂಡಸು ಹೇಗಿರಬೇಕೋ ಹಾಗೆ: ಕೋಪ ಕಡಿಮೆ, ಓದು ಜಾಸ್ತಿ, ಹೆಣ್ಣುಮಕ್ಕಳ ಮಾತನ್ನು ಪೂರ್ತಿ ಕೇಳುತ್ತಾನೆ. ಕೋರ್ಟಿನ ದೃಶ್ಯ ಬಂದರೆ ಆ ಕಾಲದಲ್ಲಿ ಬೀದಿಯೇ ಖಾಲಿ. ಕಟಕಟೆಯಲ್ಲಿ ನಿಂತವಳ ಬಾಯಿಂದ ನಿಜ ಹೊರಡಿಸುವುದು ಅವನ ಕಸುಬು. ಅವಳು ನಡುಗುತ್ತ ನಿಜ ಹೇಳುತ್ತಾಳೆ, ಕೋರ್ಟು ಸ್ತಬ್ಧ. ಮಾರನೇ ದಿನ ಎಲ್ಲರೂ ಆಡಿಕೊಂಡದ್ದು ‘ಸಿ.ಎಸ್.ಪಿ. ಎಂಥಾ ಪ್ರಶ್ನೆ ಕೇಳಿದ’ ಎಂದು. ಉತ್ತರ ಕೊಟ್ಟವಳಿಗೂ ಒಂದು ಹೆಸರಿತ್ತು.

ಆದರೂ ಈ ಕಾಲದ ನಾಯಕರ ಮುಂದೆ ಸಿ.ಎಸ್.ಪಿ.ಯನ್ನು ನಾನು ಬಿಟ್ಟುಕೊಡಲಾರೆ. ಪ್ರಶ್ನೆ ಕೇಳಿ ಬಾಯಿ ಮುಚ್ಚಿ ನಿಲ್ಲುವುದು ಅವನಿಗೆ ಗೊತ್ತಿತ್ತು.

*

ಕನ್ನಡ ಟೀವಿಯಲ್ಲಿ ನಾನು ಕಂಡ ಅತ್ಯಂತ ಗಟ್ಟಿ ಬೆಂಬಲದ ಗಂಡಸಿಗೆ ಕಾರು ಇರಲಿಲ್ಲ, ಕಂಪನಿ ಇರಲಿಲ್ಲ, ಸ್ವಂತ ಮನೆಯೂ ಇರಲಿಲ್ಲ. ಭೈರಪ್ಪನವರು 1970ರಲ್ಲಿ ಬರೆದ ‘ಗೃಹಭಂಗ’ವನ್ನು ಗಿರೀಶ್ ಕಾಸರವಳ್ಳಿ ಈಟಿವಿ ಕನ್ನಡಕ್ಕೆ ಧಾರಾವಾಹಿ ಮಾಡಿದರು. ಅದರ ಮಹಾದೇವಯ್ಯನವರು ಗುಡಿಯಲ್ಲಿದ್ದುಕೊಂಡು ಭಿಕ್ಷೆ ಎತ್ತಿ ಬದುಕುವವರು.

ರಾಮಸಂದ್ರದ ನಂಜಮ್ಮ ನಮ್ಮ ಕಥಾಲೋಕದ ದುಡಿಮೆಗಾರ್ತಿಯರಲ್ಲಿ ದೊಡ್ಡವಳು. ಶ್ಯಾನುಭೋಗಿಕೆ ಗಂಡ ಚೆನ್ನಿಗರಾಯನ ಹೆಸರಿನಲ್ಲಿ. ಲೆಕ್ಕ ಬರೆಯುವವಳು ಅವಳು. ಮುತ್ತುಗದ ಎಲೆ ಹಚ್ಚಿ ಮಾರಿ ಕಾಸು ಕೂಡಿಸುವವಳು ಅವಳು. ಗಂಡ ಉಂಡು ಮಲಗುತ್ತಾನೆ, ಅತ್ತೆ ಗಂಗಮ್ಮ ಬೈಯುತ್ತಾಳೆ, ಪ್ಲೇಗು ಬಂದು ಬೆಳೆದ ಮಕ್ಕಳನ್ನು ಒಯ್ಯುತ್ತದೆ. ಇಷ್ಟರ ನಡುವೆ ಮಹಾದೇವಯ್ಯನವರು ಮಾಡಿದ್ದು ಏನು? ಹೋಗಿ ಬಂದು ವಿಚಾರಿಸಿಕೊಂಡರು. ಕೇಳಿದಾಗ ಬುದ್ಧಿ ಹೇಳಿದರು. ಭಿಕ್ಷೆಯ ಕಾಳಿನಲ್ಲಿ ಇದ್ದಷ್ಟು ಕೊಟ್ಟರು. ಅವಳ ಲೆಕ್ಕದ ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡು ತಾವು ಬರೆಯಲಿಲ್ಲ. ಚೆನ್ನಿಗರಾಯನ ಕೊರಳಪಟ್ಟಿ ಹಿಡಿದು ಪಾಠ ಕಲಿಸುವ ಫೈಟು ಇಲ್ಲ. ನಂಜಮ್ಮನ ಕಣ್ಣಿಗೆ ಅವರು ಹಿರಿಯರು, ಊರಿನ ಕಣ್ಣಿಗೆ ಭಿಕ್ಷದಯ್ಯ. ಆ ಸಂಬಂಧಕ್ಕೆ ಯಾವ ಹಾಡನ್ನೂ ಕೂರಿಸಲು ಬರುವುದಿಲ್ಲ.

ನಂಜಮ್ಮ ಸತ್ತ ಮೇಲೆ, ದಿಕ್ಕಿಲ್ಲದ ಅವಳ ಮಗ ವಿಶ್ವನ ಕೈ ಹಿಡಿದು ಊರು ಬಿಟ್ಟು ಹೊರಟವರೂ ಅವರೇ. ಅವಳು ನೋಡಿ ಮೆಚ್ಚುತ್ತಾಳೆ ಎನ್ನುವುದಕ್ಕೆ ಅವಳೇ ಇರಲಿಲ್ಲ. ಮಗು ಸಾಕುವುದನ್ನು ಪ್ರೀತಿಯ ಸಾಬೀತಾಗಿ ಹೆಂಡತಿಗೆ ತೋರಿಸುವ ನಾಯಕರ ಪಕ್ಕ ಈ ಮುದುಕರನ್ನು ನಿಲ್ಲಿಸಿ ನೋಡುವುದು ನನ್ನ ಒಂದು ಚಟ.

*

ಇಂಥ ಪಾತ್ರಗಳು ಇಂದೂ ಇವೆ, ಆದರೆ ಅಂಚಿನಲ್ಲಿ. ಸೊಸೆಯ ಪುಸ್ತಕಕ್ಕೆ ಬೈಂಡು ಹಾಕಿಕೊಡುವ ಮಾವ, ಅಕ್ಕನ ಆಸ್ಪತ್ರೆ ಫೈಲು ನೆನಪಿಟ್ಟುಕೊಳ್ಳುವ ತಮ್ಮ, ಬಾಗಿಲು ತೆಗೆಯುವವರೆಗೂ ಲೈಟು ಹಾಕಿಕೊಂಡು ಕಾಯುವ ಆಟೋದವನು. ಇವರಿಗೆ ದಿನಕ್ಕೆ ಎರಡು ಸೀನು, ತಿಂಗಳಿಗೆ ನಾಲ್ಕು ಕಾಲ್‌ಶೀಟು. ಟ್ರ್ಯಾಕ್ ಬದಲಾದರೆ ಮೊದಲು ಊರಿಗೆ ಹೋಗುವವರೂ ಇವರೇ.

*

ಹಬ್ಬದ ಸಂಚಿಕೆಗಳನ್ನು ನೋಡಿ. ಬಾಳೆ ಎಲೆ ಹಾಕಿದೆ, ಗಂಡಸರೆಲ್ಲ ಮೊದಲ ಪಂಕ್ತಿ, ನಾಯಕನೂ ಅಲ್ಲೇ. ಅಲ್ಲಿಂದಲೇ ಬಡಿಸುತ್ತಿರುವ ಹೆಂಡತಿಗೆ ಕಣ್ಣಲ್ಲೇ ಪ್ರೀತಿ. ‘ನೀವೂ ಕೂತ್ಕೊಳ್ರೀ’ ಅಂದರೆ ಅದು ಪ್ರೋಮೊ. ಎದ್ದು ಸೌಟು ಹಿಡಿದು, ಎರಡನೇ ಪಂಕ್ತಿಯಲ್ಲಿ ಹೆಂಗಸರಿಗೆ ಬಡಿಸಿ, ಕೊನೆಗೆ ತಳದ ಸಾರು, ಮುರಿದ ಹಪ್ಪಳದಲ್ಲಿ ತಾನು ಉಣ್ಣುವ ನಾಯಕನನ್ನು ಬರೆಯಲು ಯಾರೂ ಬಿಡುವುದಿಲ್ಲವೋ, ಯಾರಿಗೂ ತೋಚಿಲ್ಲವೋ.

*

‘ಶ್ರೀರಸ್ತು ಶುಭಮಸ್ತು’ವಿನಲ್ಲಿ ಸುಧಾರಾಣಿಯವರ ತುಳಸಿ, ಬೆಳೆದ ಮಕ್ಕಳಿರುವಾಗ ಮಾಧವನನ್ನು ಮದುವೆಯಾದಳು. ಪ್ರೈಮ್ ಟೈಮಿನಲ್ಲಿ ಇದು ಸಣ್ಣ ಮಾತಲ್ಲ. ಅಜಿತ್ ಹಂದೆಯವರ ಮಾಧವನಿಗೆ ಅವಳನ್ನು ತಿದ್ದುವ ಆಸೆಯಿಲ್ಲ, ಅವಳೊಂದಿಗೆ ಕಾಫಿ ಕುಡಿಯುವ ಆಸೆಯಿದೆ. ಸ್ತ್ರೀವಾದ ಇಷ್ಟಕ್ಕೇ ಸುಮ್ಮನಾಗುತ್ತದೆಯೇ ಎಂದು ಗೆಳತಿಯೊಬ್ಬಳು ಕೇಳಿದಳು. ಸುಮ್ಮನಾಗುವುದಿಲ್ಲ. ಎರಡೂ ಸಂಸಾರಗಳ ಜಗಳ ಬಿಡಿಸುವ ಕೆಲಸ ಕೊನೆಗೂ ತುಳಸಿಯ ತಲೆಗೇ ಬಂತಲ್ಲ. ಆದರೂ ಆ ಕಾಫಿಯನ್ನು ನಾನು ಖುಷಿಯಿಂದ ನೋಡಿದೆ.

*

ಗುರುವಾರ ರೇಟಿಂಗ್ ಬರುತ್ತದೆ. ನಾಯಕ ಹೆಂಡತಿಗೆ ಅವಮಾನ ಮಾಡಿದ ವಾರ ಏರಿತು ಎಂದುಕೊಳ್ಳಿ, ಅವಮಾನ ಇನ್ನೊಂದು ವಾರ ಬೆಳೆಯುತ್ತದೆ. ಒಳ್ಳೆಯ ಗಂಡಸು ಬರಹಗಾರರ ನಂಬಿಕೆಯಿಂದ ಹುಟ್ಟಿದರೂ ಉಳಿಯುವುದು ಗುರುವಾರದ ದಯೆಯಿಂದ. ಹಾಗಾಗಿ ಸಂಭಾಷಣೆಕಾರರ ಮೇಲೆ ನನಗೆ ಪೂರ್ತಿ ಸಿಟ್ಟು ಬರುವುದಿಲ್ಲ. ಬೆಳಿಗ್ಗೆ ಶೂಟಿಂಗ್, ರಾತ್ರಿವರೆಗೂ ಸೀನು ಕೈಸೇರಿಲ್ಲ, ಫೋನಿನ ಮೇಲೆ ಫೋನು. ಆ ಅವಸರದಲ್ಲಿ ಕೈಗೆ ಸಿಗುವುದು ಹಳೆಯ ಕಾರು, ಹಳೆಯ ಮಳೆ.

*

ಅಂಥ ಅವಸರದಲ್ಲೂ ಬರೆಯಬಹುದಾದ ಒಂದು ಸೀನು ಇಲ್ಲಿದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ರಾತ್ರಿ ಒಂಬತ್ತು. ಅಮ್ಮ ಊರಿಂದ ಬಂದು ಬ್ಯಾಗು ಇಳಿಸುತ್ತಾರೆ. ‘ಎಲ್ಲೋ ಅವಳು?’ ‘ಡ್ಯೂಟಿ ಅಮ್ಮ, ಬರೋದು ಹನ್ನೊಂದಾಗತ್ತೆ.’ ‘ಊಟಕ್ಕೆ?’ ‘ಅನ್ನ ಆಗಿದೆ. ಸಾರು ಬೆಳಿಗ್ಗೇದೇ, ಬಿಸಿ ಮಾಡಿದ್ರಾಯ್ತು. ಹಪ್ಪಳ ಕರೀಲಾ?’ ಅಮ್ಮ ‘ಬೇಡ, ಎಣ್ಣೆ ಆಗಲ್ಲ’ ಅನ್ನುತ್ತಾರೆ. ಸಂಗೀತ ಬೇಡ, ಅಮ್ಮನ ಮುಖಕ್ಕೆ ಝೂಮ್ ಬೇಡ, ಅವನನ್ನು ಯಾರೂ ಹೊಗಳುವುದು ಬೇಡ. ಮುಂದಿನ ಸೀನಿಗೆ ಕಟ್ ಮಾಡಿ, ವಿಲನ್ ಬರಲಿ, ಆಸ್ತಿ ಪತ್ರ ಕಳೆದುಹೋಗಲಿ, ನಿಮ್ಮ ಕಥೆ ಹೇಗೆ ನಡೀಬೇಕೋ ನಡೀಲಿ.